ದೂರು, ಪ್ರಾಜೆಕ್ಟ್ ಬದಲಾವಣೆ, ಕಂಪನಿ ಬದಲಾವಣೆ: ಸ್ಟುಟ್‌ಗಾರ್ಟ್‌ನಲ್ಲಿ ಮೂರನ್ನೂ ಮಾಡಿ ನೋಡಿದ ಮೇಲೆ

ಬೆಂಗಳೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಗೆ ಬರುವ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಅನೇಕರು ನೇರವಾಗಿ ಕಾರು ತಯಾರಿಸುವ ಕಂಪನಿಗೆ ಸೇರುವುದಿಲ್ಲ. ಅಂತಹ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುವ ಎಂಜಿನಿಯರಿಂಗ್ ಸೇವಾ ಸಂಸ್ಥೆಗಳ ನೌಕರರಾಗಿ ಬರುತ್ತಾರೆ. ನಾನೂ ಹಾಗೆ ಬಂದವನು. ಸಂಬಳ ಕೊಡುವವರು ಒಬ್ಬರು, ಕುಳಿತು ಕೆಲಸ ಮಾಡುವುದು ಇನ್ನೊಬ್ಬರ ಕಚೇರಿಯಲ್ಲಿ. ಇಮೇಲ್ ವಿಳಾಸದಲ್ಲಿಯೇ ‘ಎಕ್ಸ್‌ಟರ್ನ್’, ಅಂದರೆ ಹೊರಗಿನವರು, ಎಂಬ ಗುರುತು ಇರುತ್ತದೆ. ಇಂತಹ ಗುತ್ತಿಗೆಯಲ್ಲಿ ಗ್ರಾಹಕ ಕಂಪನಿಯ ನೌಕರರು ಹೊರಗಿನವರಿಗೆ ನೇರವಾಗಿ ಕೆಲಸ ಹೇಳಿದರೆ ಅದು ಕಾನೂನಿನ ಕಣ್ಣಿನಲ್ಲಿ ಪರವಾನಗಿಯಿಲ್ಲದ ಕಾರ್ಮಿಕ ಪೂರೈಕೆಯಂತೆ ಕಾಣಬಹುದೆಂಬ ಭಯದಿಂದ, ಪ್ರತಿಯೊಂದು ಪ್ರಶ್ನೆಯೂ ಸಂಯೋಜಕರ ಮೂಲಕ, ಟಿಕೆಟ್ ರೂಪದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ದಾಖಲಿಸಿದ ಕೋರಿಕೆಯಾಗಿ, ಹೋಗಬೇಕಾಗುತ್ತದೆ. ನಾನು ಪರೀಕ್ಷಿಸುತ್ತಿದ್ದ ಕೋಡ್ ಬರೆದ ಎಂಜಿನಿಯರ್ ಪಕ್ಕದ ಕೋಣೆಯಲ್ಲಿಯೇ ಇದ್ದರು. ಕಾಫಿ ಯಂತ್ರದ ಬಳಿ ಸಿಕ್ಕಾಗ ವಿಎಫ್‌ಬಿ ಸ್ಟುಟ್‌ಗಾರ್ಟ್ ಫುಟ್‌ಬಾಲ್ ತಂಡದ ಆಟದ ಬಗ್ಗೆ ಧಾರಾಳವಾಗಿ ಮಾತನಾಡುತ್ತಿದ್ದರು. ಕೋಡಿನ ಮಾತೆತ್ತಿದರೆ ಮಾತ್ರ ನಕ್ಕು, ಟಿಕೆಟ್ ಹಾಕಿ ಎನ್ನುತ್ತಿದ್ದರು. ಉತ್ತರ ಬರಲು ಒಮ್ಮೊಮ್ಮೆ ವಾರವೇ ಹಿಡಿಯುತ್ತಿತ್ತು. ಕ್ಯಾಂಟೀನಿನಲ್ಲಿ ಸಸ್ಯಾಹಾರಿಗೆ ಸಿಗುವ ಚೀಸ್ ಹಾಕಿದ ಶ್ಪೆಟ್ಸ್‌ಲೆ ಎಂಬ ನೂಡಲ್ಸಿಗೂ ರಿಯಾಯಿತಿ ಇಲ್ಲದ ಹೊರಗಿನವರ ದರವನ್ನೇ ನಾನು ಕೊಡಬೇಕಾಗಿತ್ತು.

ಇದರ ಮೇಲೆ ಇನ್ನೆರಡು ಬೇಸರಗಳಿದ್ದವು. ವಿನ್ಯಾಸದ ಕೆಲಸಕ್ಕೆಂದು ಸಂದರ್ಶನ ಮಾಡಿ ಕರೆಸಿಕೊಂಡವರು ಪರೀಕ್ಷಾ ವರದಿ ಬರೆಯುವ ಕೆಲಸಕ್ಕೆ ಕೂರಿಸಿದ್ದರು. ಬೇರೆ ಊರಿನ ಪರೀಕ್ಷಾ ಟ್ರ್ಯಾಕಿಗೆ ಹೋಗಿಬರುವ ಸಮಯವನ್ನು ನನ್ನ ತಂಡದ ಮುಖ್ಯಸ್ಥರು ಕೆಲಸದ ಗಂಟೆಯಾಗಿ ಬರೆದುಕೊಳ್ಳಲು ಬಿಡುತ್ತಿರಲಿಲ್ಲ. ಈ ಸ್ಥಿತಿಯಲ್ಲಿ ನಾನು ಕ್ರಮವಾಗಿ ಹಿಡಿದ ಮೂರು ದಾರಿಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ: ನೌಕರರ ಮಂಡಳಿಗೆ ದೂರು ಕೊಡುವುದು, ಅದೇ ಸಂಸ್ಥೆಯಲ್ಲಿದ್ದುಕೊಂಡು ಪ್ರಾಜೆಕ್ಟ್ ಬದಲಾಯಿಸುವುದು, ಮತ್ತು ಸಂಸ್ಥೆಯನ್ನೇ ಬಿಡುವುದು. ಒಂದೊಂದು ದಾರಿಯೂ ಒಂದೊಂದು ಬಗೆಯ ಬೇಸರಕ್ಕೆ ಮಾತ್ರ ಮದ್ದು ಎಂಬುದು ನನ್ನ ಅಭಿಪ್ರಾಯ. ತಲೆನೋವಿನ ಮಾತ್ರೆಯನ್ನು ಹಲ್ಲುನೋವಿಗೆ ತೆಗೆದುಕೊಂಡವರಂತೆ, ತಪ್ಪು ದಾರಿ ಹಿಡಿದವರು ಸ್ವಲ್ಪ ದಿನ ಹಗುರವಾಗಿ ಮತ್ತೆ ಅಲ್ಲಿಗೇ ಬರುತ್ತಾರೆ.

ಮೊದಲು ದೂರಿನ ವಿಷಯ. ಕನಿಷ್ಠ ಐದು ಕಾಯಂ ನೌಕರರಿರುವ ಯಾವ ಜರ್ಮನ್ ಸಂಸ್ಥೆಯಲ್ಲಿಯಾದರೂ ನೌಕರರು ಚುನಾವಣೆ ನಡೆಸಿ ತಮ್ಮದೇ ಮಂಡಳಿಯನ್ನು ರಚಿಸಿಕೊಳ್ಳಬಹುದು. ಇದಕ್ಕೆ ಬೆಟ್ರೀಬ್ಸ್‌ರಾಟ್ ಎನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಮಾರ್ಚ್‌ನಿಂದ ಮೇ ತಿಂಗಳೊಳಗೆ ಚುನಾವಣೆ ನಡೆಯುತ್ತದೆ. ಮತ ಹಾಕಲು, ಆರು ತಿಂಗಳ ಸೇವೆಯಾದ ಮೇಲೆ ಸ್ಪರ್ಧಿಸಲು ಜರ್ಮನ್ ಪೌರತ್ವ ಬೇಕಿಲ್ಲ. ಇನ್ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಸದಸ್ಯರಿಗೆ ಬೇರೆ ಕೆಲಸದಿಂದ ಪೂರ್ಣ ಬಿಡುವು ಕೊಟ್ಟು ಇದಕ್ಕಾಗಿಯೇ ಇಡಬೇಕು. ನಮ್ಮವರಲ್ಲಿ ಹೆಚ್ಚಿನವರು ಇದನ್ನು ಕೆಂಬಾವುಟದ ಯೂನಿಯನ್ ಎಂದು ತಿಳಿದು ಹತ್ತಿರ ಸುಳಿಯುವುದಿಲ್ಲ, ಅಥವಾ ದೂರು ಕೊಟ್ಟರೆ ವೀಸಾಗೆ ಕುತ್ತು ಬರುತ್ತದೆ ಎಂದು ಹೆದರುತ್ತಾರೆ. ಎರಡೂ ಸರಿಯಲ್ಲ. ನೆನಪಿಡಬೇಕಾದದ್ದು ಬೇರೆ: ಹೊರಗುತ್ತಿಗೆಯವರು ಹೋಗಬೇಕಾದದ್ದು ತಾವು ಕುಳಿತಿರುವ ಗ್ರಾಹಕ ಕಂಪನಿಯ ಮಂಡಳಿಗಲ್ಲ, ಸಂಬಳ ಕೊಡುವ ಸಂಸ್ಥೆಯ ಮಂಡಳಿಗೆ.

ನಾನು ಭೇಟಿಯಾದ ಸದಸ್ಯರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಪ್ರಯಾಣದ ಸಮಯದ ಮಾತೆತ್ತಿದ ಕೂಡಲೇ ಹಿಂದಿನ ಕಪಾಟಿನಿಂದ ದಪ್ಪ ಫೈಲೊಂದನ್ನು ತೆಗೆದು, ಸಂಸ್ಥೆಗೂ ಮಂಡಳಿಗೂ ಆಗಿದ್ದ ಒಪ್ಪಂದದ ಪುಟವನ್ನು ತಿರುವಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು ನನ್ನ ಕಡೆಗೆ ತಿರುಗಿಸಿದರು. ಪ್ರಯಾಣದ ಗಂಟೆಗಳು ಹೇಗೆ ಲೆಕ್ಕಕ್ಕೆ ಬರುತ್ತವೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವರು ಮಾನವ ಸಂಪನ್ಮೂಲ ವಿಭಾಗಕ್ಕೆ ಮಾಡಿದ ಒಂದೇ ಕರೆಯಿಂದ ಹಿಂದಿನ ಗಂಟೆಗಳೂ ನನ್ನ ಖಾತೆಗೆ ಜಮೆಯಾದವು. ನನ್ನ ಹೆಸರು ದೊಡ್ಡದಾಗಿ ಎಲ್ಲಿಯೂ ಬರಲಿಲ್ಲ. ಆದರೆ ವಿನ್ಯಾಸದ ಕೆಲಸ ಕೊಡಲಿಲ್ಲ ಎಂಬ ಎರಡನೆಯ ದೂರಿಗೆ ಅವರು ಫೈಲ್ ಮುಚ್ಚಿದರು. ಉದ್ಯೋಗ ಒಪ್ಪಂದದಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದಷ್ಟೇ ಇದ್ದರೆ, ಆ ಚೌಕಟ್ಟಿನೊಳಗೆ ಯಾವ ಕೆಲಸ ಕೊಡಬೇಕೆಂಬುದನ್ನು ನಿರ್ಧರಿಸುವ ಹಕ್ಕು ಮಾಲೀಕರದು ಎಂದು ಯಾವ ಸುತ್ತುಬಳಸೂ ಇಲ್ಲದೆ ಹೇಳಿದರು. ಗಂಟೆ, ರಜೆ, ಓವರ್‌ಟೈಮ್, ಅನಾರೋಗ್ಯದ ರಜೆಯಂತಹ, ಲಿಖಿತ ನಿಯಮವಿರುವ ಸಂಗತಿಗಳಲ್ಲಿ ಈ ದಾರಿಯಷ್ಟು ಅಗ್ಗವೂ ಚುರುಕೂ ಆದದ್ದು ಬೇರೊಂದಿಲ್ಲ. ಕೆಲಸದ ಹೂರಣ, ಗೌರವ, ಬೆಳವಣಿಗೆ ಇವು ಯಾವ ಫೈಲಿನಲ್ಲಿಯೂ ಇರುವುದಿಲ್ಲ.

ಎರಡನೆಯದು ಪ್ರಾಜೆಕ್ಟ್ ಬದಲಾವಣೆ. ಕಾಗದದ ಮೇಲೆ ಇದು ಮೂರರಲ್ಲಿ ಅತ್ಯಂತ ಸುರಕ್ಷಿತ. ಸೇವಾ ಅವಧಿ ಮುಂದುವರಿಯುತ್ತದೆ, ಹೊಸ ಪ್ರೊಬೇಷನ್ ಇಲ್ಲ, ಉಳಿದ ರಜೆ ಹಾಗೆಯೇ ಇರುತ್ತದೆ, ಬ್ಲೂ ಕಾರ್ಡ್, ಅಂದರೆ ನುರಿತ ವಿದೇಶಿ ನೌಕರರಿಗೆ ಸಿಗುವ ವಾಸದ ಪರವಾನಗಿಯ ವಿಷಯದಲ್ಲಿ ಯಾವ ಕಚೇರಿಗೂ ಹೋಗಬೇಕಿಲ್ಲ. ತೊಂದರೆ ಇರುವುದು ಕಾಯುವುದರಲ್ಲಿ: ಗ್ರಾಹಕರ ಆರ್ಡರಿನ ಅವಧಿ ಮುಗಿಯಬೇಕು, ನನ್ನ ಜಾಗಕ್ಕೆ ಇನ್ನೊಬ್ಬರು ಬರಬೇಕು, ಅವರಿಗೆ ಕೆಲಸ ಕಲಿಸಬೇಕು, ಅದರ ನಡುವೆ ಎಲ್ಲರ ಆಗಸ್ಟ್ ರಜೆಯೂ ಬಂದುಹೋಗಬೇಕು. ಈ ಹೊತ್ತಿನಲ್ಲಿ ಮಾಡಿಕೊಳ್ಳಲೇಬೇಕಾದ ಕೆಲಸವೊಂದಿದೆ. ಮೇಲಧಿಕಾರಿ ಬದಲಾಗುವಾಗ ಹಳೆಯ ಮೇಲಧಿಕಾರಿಯ ಕಾಲದ ಕೆಲಸದ ಬಗ್ಗೆ ಮಧ್ಯಂತರ ಪ್ರಮಾಣಪತ್ರವನ್ನು ಕೇಳಿ ಪಡೆದುಕೊಳ್ಳಬಹುದು. ಮುಂದೆ ಕೊನೆಯ ಪ್ರಮಾಣಪತ್ರ ಬರೆಯುವಾಗ ಸಂಸ್ಥೆ ಅದಕ್ಕಿಂತ ಕೆಳಗಿಳಿಯುವುದು ಸುಲಭವಲ್ಲ. ನಮ್ಮಲ್ಲಿ ರಿಲೀವಿಂಗ್ ಲೆಟರ್ ಎಂದರೆ ಬಿಟ್ಟುಹೋದ ದಿನಾಂಕದ ಕಾಗದ. ಇಲ್ಲಿನ ಪ್ರಮಾಣಪತ್ರ ಕೆಲಸದ ಗುಣಮಟ್ಟಕ್ಕೆ ನಯವಾದ ಭಾಷೆಯಲ್ಲಿ ಕೊಟ್ಟ ಅಂಕಪಟ್ಟಿ, ಮತ್ತು ಅದನ್ನು ಪಡೆಯುವುದು ಕಾನೂನಿನ ಹಕ್ಕು.

ಹೊಸ ಪ್ರಾಜೆಕ್ಟಿನ ಮುಖ್ಯಸ್ಥರು ಸಜ್ಜನರು. ನನಗೆ ವಿನ್ಯಾಸದ ಕೆಲಸವೂ ಸಿಕ್ಕಿತು. ಮೊದಲ ಕೆಲವು ತಿಂಗಳು ಬೆಳಿಗ್ಗೆ ಹೊಟ್ಟೆಯಲ್ಲಿ ಹಿಂಡಿದಂತಾಗುವುದು ನಿಂತಿತ್ತು. ಈ ಲಾಭವನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಊರು ಬದಲಾಗಿತ್ತು, ಗ್ರಾಹಕ ಬದಲಾಗಿತ್ತು; ಎಕ್ಸ್‌ಟರ್ನ್ ಎಂಬ ಗುರುತು, ಟಿಕೆಟ್ಟು, ಕ್ಯಾಂಟೀನಿನ ದರ ಯಾವುದೂ ಬದಲಾಗಿರಲಿಲ್ಲ. ಜೊತೆಗೆ ದಿನವೂ ಪ್ರಾದೇಶಿಕ ರೈಲಿನ ವಿಳಂಬ ಸೇರಿಕೊಂಡಿತು. ಜರ್ಮನ್ನರ ಸಮಯಪಾಲನೆಯ ಬಗ್ಗೆ ಊರಿನಲ್ಲಿ ಹೇಳಿಕೊಂಡು ಬಂದಿದ್ದ ಮಾತುಗಳನ್ನು ಆ ಪ್ಲಾಟ್‌ಫಾರಂಗಳಲ್ಲಿ ನಿಂತು ಒಂದೊಂದಾಗಿ ಹಿಂತೆಗೆದುಕೊಂಡೆ. ಅಷ್ಟರಲ್ಲಿ ವಾಹನ ಉದ್ಯಮದ ಗಾಳಿಯೂ ತಿರುಗಿತ್ತು. 2024ರ ಜುಲೈಯಲ್ಲಿ ವಾಹನ ಬಿಡಿಭಾಗ ತಯಾರಿಸುವ ಝಡ್‌ಎಫ್ ಕಂಪನಿ 2028ರೊಳಗೆ ಜರ್ಮನಿಯಲ್ಲಿ 14,000ದಷ್ಟು ಹುದ್ದೆಗಳನ್ನು ಕಡಿಮೆ ಮಾಡಬಹುದೆಂದು ಪ್ರಕಟಿಸಿತು. ಇಂತಹ ಸುದ್ದಿಗಳು ಬಂದಾಗ ಎಲ್ಲ ಕಡೆಯೂ ಮೊದಲು ನಿಲ್ಲುವುದು ಹೊರಗುತ್ತಿಗೆಯ ಆರ್ಡರುಗಳು. ಬೇಸರಕ್ಕೆ ಕಾರಣ ಒಬ್ಬ ವ್ಯಕ್ತಿಯಾಗಿದ್ದರೆ ಎರಡನೆಯ ದಾರಿ ಸಾಕು. ನನ್ನ ಬೇಸರದ ಬೇರು ಹೊರಗಿನವನಾಗಿ ಒಳಗೆ ಕುಳಿತುಕೊಳ್ಳುವ ವ್ಯವಸ್ಥೆಯಲ್ಲಿತ್ತು.

ಮೂರನೆಯ ದಾರಿಯ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಬೆಂಗಳೂರಿನಲ್ಲಿ ಎರಡು ಮೂರು ಬಾರಿ ಕಂಪನಿ ಬದಲಾಯಿಸಿದವರಿಗೂ ಇಲ್ಲಿನ ನಡೆ ಹೊಸತು. ಮೊದಲಿಗೆ ವಾಸದ ಪರವಾನಗಿ. 2023ರ ನವೆಂಬರ್ 18ಕ್ಕೆ ಮುಂಚೆ ಬ್ಲೂ ಕಾರ್ಡ್ ಇದ್ದವರು ಮೊದಲ ಎರಡು ವರ್ಷ ಕೆಲಸ ಬದಲಾಯಿಸಲು ವಿದೇಶಿಯರ ಕಚೇರಿಯ ಅನುಮತಿ ಪಡೆಯಬೇಕಾಗಿತ್ತು. ಈಗ ಮೊದಲ 12 ತಿಂಗಳೊಳಗಿನ ಬದಲಾವಣೆಯನ್ನು ತಿಳಿಸಿದರೆ ಸಾಕು. ಕಚೇರಿ ಬೇಕೆಂದರೆ ಅದನ್ನು 30 ದಿನ ತಡೆಹಿಡಿದು ಪರಿಶೀಲಿಸಬಹುದು, ಷರತ್ತುಗಳು ಪೂರೈಸದಿದ್ದರೆ ನಿರಾಕರಿಸಬಹುದು. 12 ತಿಂಗಳು ಕಳೆದ ಮೇಲೆ ಆ ತಡೆಯೂ ಇಲ್ಲ. ಹೊಸ ಸಂಬಳ ಮಾತ್ರ ಬ್ಲೂ ಕಾರ್ಡ್‌ನ ಕನಿಷ್ಠ ಮಿತಿಗಿಂತ ಕೆಳಗಿರಬಾರದು. 2025ರಲ್ಲಿ ಆ ಮಿತಿ ವರ್ಷಕ್ಕೆ 48,300 ಯೂರೊ, ಐಟಿಯಂತಹ, ಜನರ ಕೊರತೆಯಿರುವ ವೃತ್ತಿಗಳಿಗೆ 43,759.80 ಯೂರೊ ಆಗಿತ್ತು. ವರ್ಷ ವರ್ಷ ಅದನ್ನು ಪರಿಷ್ಕರಿಸುತ್ತಾರೆ. ನಾನು 12 ತಿಂಗಳ ಗೆರೆಯನ್ನು ದಾಟಿದ್ದರಿಂದ ಈ ಹಂತ ಒಂದು ಇಮೇಲಿನಲ್ಲಿ ಮುಗಿಯಿತು.

ನಿಜವಾದ ತೊಡಕು ನೋಟಿಸ್ ಅವಧಿ. ಕಾನೂನಿನ ಕನಿಷ್ಠ ಅವಧಿ ನಾಲ್ಕು ವಾರವಾದರೂ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಅದೂ ತಿಂಗಳ ಕೊನೆಗೆ ಅಥವಾ ತ್ರೈಮಾಸಿಕದ ಕೊನೆಗೆ ಎಂದಿರುತ್ತದೆ. ಒಂದು ದಿನ ತಡವಾಗಿ ಪತ್ರ ತಲುಪಿದರೂ ಒಂದು ತಿಂಗಳು, ಕೆಲವರಿಗೆ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ. ರಾಜೀನಾಮೆ ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ ಇರಬೇಕು. ಇಮೇಲ್ ಕಳುಹಿಸಿದರೆ ಅದು ಕೊಟ್ಟಂತೆಯೇ ಅಲ್ಲ. ಬೆಂಗಳೂರಿನಂತೆ ನೋಟಿಸ್ ಅವಧಿಯನ್ನು ಹೊಸ ಕಂಪನಿ ಹಣ ಕೊಟ್ಟು ಬಿಡಿಸಿಕೊಳ್ಳುವ ರೂಢಿ ಇಲ್ಲಿ ನನಗೆ ಕಾಣಲಿಲ್ಲ. ಎರಡೂ ಕಡೆಯವರು ಒಪ್ಪಿದರೆ ಬೇಗ ಬಿಡಬಹುದು, ಇಲ್ಲದಿದ್ದರೆ ಕೊನೆಯ ದಿನದವರೆಗೆ ಕೂರಬೇಕು. ಹೊಸ ಕಂಪನಿಗಳಿಗೂ ಇದು ತಿಳಿದಿರುವುದರಿಂದ ನಾಳೆಯೇ ಸೇರಿ ಎಂದು ಯಾರೂ ಒತ್ತಾಯಿಸುವುದಿಲ್ಲ. ಒಂದು ಸಮಾಧಾನವೆಂದರೆ, ನೋಟಿಸ್ ಕೊಟ್ಟವರನ್ನು ಇಲ್ಲಿ ಯಾರೂ ದ್ರೋಹಿಯಂತೆ ನೋಡುವುದಿಲ್ಲ. ಕೌಂಟರ್ ಆಫರಿನ ಹಗ್ಗಜಗ್ಗಾಟವೂ ನನ್ನ ವಿಷಯದಲ್ಲಿ ನಡೆಯಲಿಲ್ಲ. ಮುಖ್ಯಸ್ಥರು ಕೈಕುಲುಕಿ, ಉಳಿದ ರಜೆ ಎಷ್ಟಿದೆ ಎಂದು ಕೇಳಿದರು.

ಸಂಬಳದ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಸೇರಿದ ಮಧ್ಯಮ ಗಾತ್ರದ ಬಿಡಿಭಾಗ ತಯಾರಿಕಾ ಕಂಪನಿ ಐಜಿ ಮೆಟಾಲ್ ಕಾರ್ಮಿಕ ಸಂಘದ ವೇತನ ಒಪ್ಪಂದಕ್ಕೆ ಒಳಪಟ್ಟಿದೆ. ಈ ಉದ್ಯಮದಲ್ಲಿ ಪಶ್ಚಿಮ ಜರ್ಮನಿಯ ಭಾಗಗಳಲ್ಲಿ 1995ರಿಂದಲೂ ವಾರಕ್ಕೆ 35 ಗಂಟೆಯ ಕೆಲಸವಿದೆ, ಮತ್ತು ಸಂಬಳ ಹುದ್ದೆಗೆ ನಿಗದಿಯಾದ ದರ್ಜೆಯಿಂದ ಬರುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಅಂತಹ ದರ್ಜೆಗಳು ಒಟ್ಟು ಹದಿನೇಳು. ಹಳೆಯ ಸಂಬಳಕ್ಕೆ ಇಷ್ಟು ಪ್ರತಿಶತ ಸೇರಿಸಿ ಕೊಡಿ ಎಂಬ ನಮ್ಮ ಚೌಕಾಸಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾವ ದರ್ಜೆಯ ಹುದ್ದೆ ಎಂಬುದನ್ನು ಕೇಳಿ, ಅದಕ್ಕೆ ತಕ್ಕ ಹೊಣೆಗಾರಿಕೆ ತನಗಿತ್ತು ಎಂದು ತೋರಿಸಿಕೊಡಬೇಕು. ಆಗ ಆ ಮಧ್ಯಂತರ ಪ್ರಮಾಣಪತ್ರ ನನಗೆ ನೆರವಾಯಿತು. ಹಿಂದೆ ವಾರಕ್ಕೆ 40 ಗಂಟೆ ದುಡಿದು ಪಡೆಯುತ್ತಿದ್ದುದಕ್ಕಿಂತ ಕೈಗೆ ಬರುವ ಹಣ ಹೆಚ್ಚಾದದ್ದು ಸ್ವಲ್ಪವೇ, ಏಕೆಂದರೆ ಹೆಚ್ಚಳದ ದೊಡ್ಡ ಪಾಲು ತೆರಿಗೆಗೂ ವಿಮೆಗೂ ಹೋಗುತ್ತದೆ. ಉಳಿದದ್ದು ಸಂಜೆಗಳು.

ಈ ದಾರಿಯ ಬೆಲೆಯೇ ಪ್ರೊಬೇಷನ್. ಮೊದಲ ಆರು ತಿಂಗಳು ಎರಡು ವಾರದ ನೋಟಿಸಿನಲ್ಲಿ ಕಾರಣ ಹೇಳದೆ ಬಿಡಿಸಬಹುದು. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಸಿಗುವ ವಜಾ ರಕ್ಷಣೆಯ ಕಾನೂನು ಅನ್ವಯಿಸುವುದು ಆರು ತಿಂಗಳ ನಂತರವೇ. ಕೆಲಸ ಮಧ್ಯದಲ್ಲಿ ಹೋದರೆ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಹೊಸ ಕೆಲಸ ಕೈಯಲ್ಲಿಲ್ಲದೆ ಸಿಟ್ಟಿನಿಂದ ರಾಜೀನಾಮೆ ಕೊಡುವುದನ್ನು ನಾನು ಈ ಹೋಲಿಕೆಯಲ್ಲಿ ಒಂದು ದಾರಿಯೆಂದೇ ಎಣಿಸಿಲ್ಲ: ತಾವಾಗಿ ಬಿಟ್ಟವರಿಗೆ ನಿರುದ್ಯೋಗ ಭತ್ಯೆಯನ್ನು ಸಾಮಾನ್ಯವಾಗಿ 12 ವಾರ ತಡೆಯುತ್ತಾರೆ. ಪರಸ್ಪರ ಒಪ್ಪಂದದಿಂದ ಬಿಡೋಣ ಎಂದು ಕಂಪನಿಯೇ ಕಾಗದ ಮುಂದಿಟ್ಟಾಗ ಸಹಿ ಹಾಕಿದವರಿಗೂ ಅದೇ ಗತಿಯಾಗಬಹುದು. ಆದ್ದರಿಂದ ಅಂತಹ ಕಾಗದಕ್ಕೆ ಅದೇ ಕೋಣೆಯಲ್ಲಿ ಕುಳಿತು ಸಹಿ ಹಾಕಬಾರದು.

ಮನೆಯವರ ಲೆಕ್ಕ ಬೇರೆಯೇ ಇತ್ತು. ಇಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಕಿಟಾ ಎಂಬ ಶಿಶುವಿಹಾರದಲ್ಲಿ ಜಾಗ ಪಡೆಯುವ ಹಕ್ಕು 2013ರ ಆಗಸ್ಟ್‌ನಿಂದ ಕಾನೂನಿನಲ್ಲಿದೆ, ಆದರೆ ಜಾಗಕ್ಕಾಗಿ ಕಾಯುವ ಪಟ್ಟಿಗಳು ಉದ್ದವಾಗಿವೆ. ನಮಗೆ ಬಹಳ ಓಡಾಡಿದ ಮೇಲೆ ಸಿಕ್ಕಿತ್ತು. ಮ್ಯೂನಿಕ್‌ನಿಂದ ಒಂದು ಒಳ್ಳೆಯ ಆಫರ್ ಬಂದಾಗ ನನ್ನ ಹೆಂಡತಿ, “ನೀವು ಕಂಪನಿ ಬೇಕಾದ್ರೆ ಬದಲಾಯಿಸಿ ರೀ, ಮಗೂ ಕಿಟಾ ಮಾತ್ರ ಬದಲಾಯಿಸೋ ಹಾಗಿಲ್ಲ” ಎಂದಳು. ಆಫರ್ ಬಿಟ್ಟೆ. ಸ್ಟುಟ್‌ಗಾರ್ಟ್‌ನ ಎಸ್-ಬಾನ್ ರೈಲು ಮುಟ್ಟುವ ಊರುಗಳಲ್ಲಿಯೇ ಹುಡುಕಿದ್ದರಿಂದ ಕೆಲಸ ಸಿಗುವುದು ತಡವಾಯಿತು, ಆದರೆ ಆ ಷರತ್ತು ಸರಿಯಾದದ್ದೇ ಎಂದು ಈಗಲೂ ಅನ್ನಿಸುತ್ತದೆ.

ಕಂಪನಿ ಬದಲಾಯಿಸಿದ ಮೇಲೂ ಪೂರ್ತಿ ಹೋಗದ ಬೇಸರ ಒಂದಿದೆ, ಅದು ಭಾಷೆಯದು. ಹಿಂದಿನ ದೊಡ್ಡ ಗ್ರಾಹಕ ಕಂಪನಿಯಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ಹೊಸ ಕಂಪನಿಯಲ್ಲಿ ಬೆಳಗಿನ ಸಭೆ ಜರ್ಮನ್‌ನಲ್ಲಿ, ಅದೂ ಈ ಭಾಗದ ಶ್ವಾಬಿಯನ್ ಉಚ್ಚಾರಣೆಯಲ್ಲಿ ನಡೆಯುತ್ತದೆ. ಒಳಗಿನವನಾದ ಮೇಲೆ ಟಿಕೆಟ್ ಹಾಕದೆ ಪಕ್ಕದ ಮೇಜಿನವರನ್ನು ಕೇಳಬಹುದು, ಆದರೆ ಕೇಳುವಷ್ಟು ಜರ್ಮನ್ ಬೇಕು. ಇಲ್ಲಿ ಭಾಷೆ ಕಲಿತವರಿಗೆ ಇನ್ನೊಂದು ಲಾಭವೂ ಇದೆ: ಬ್ಲೂ ಕಾರ್ಡ್ ಇರುವವರಿಗೆ ಕಾಯಂ ವಾಸದ ಪರವಾನಗಿ ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಮಟ್ಟದ್ದಿದ್ದರೆ 21 ತಿಂಗಳಿಗೆ ಸಿಗುತ್ತದೆ. ಅದು ಕೈಗೆ ಬಂದ ಮೇಲೆ ವಾಸದ ಹಕ್ಕು ಯಾವ ಕಂಪನಿಗೂ ಅಂಟಿಕೊಂಡಿರುವುದಿಲ್ಲ. ನನ್ನ ಹಾಗೆಯೇ ಸೇವಾ ಸಂಸ್ಥೆಯ ಮೂಲಕ ಬಂದು, ವರ್ಷ ತುಂಬುವ ಮೊದಲೇ ಬೇಸತ್ತಿರುವ ಕಿರಿಯ ಸ್ನೇಹಿತನೊಬ್ಬ ಕೇಳಿದಾಗ ನಾನು ಹೇಳಿದ್ದು ಇದು: ನಿಯಮ ಮುರಿದ ಸಂಗತಿಯಿದ್ದರೆ ನಾಳೆಯೇ ಮಂಡಳಿಗೆ ಹೋಗು. ಮುಖ್ಯಸ್ಥರ ಜೊತೆ ಆಗದಿದ್ದರೆ ಪ್ರಾಜೆಕ್ಟ್ ಬದಲಾಯಿಸಿ, ಹೊರಡುವ ಮೊದಲು ಮಧ್ಯಂತರ ಪ್ರಮಾಣಪತ್ರ ತೆಗೆದುಕೊ. ಎಕ್ಸ್‌ಟರ್ನ್ ಆಗಿರುವುದೇ ಸಾಕಾಗಿದ್ದರೆ ಹುಡುಕಲು ಈಗಲೇ ಶುರು ಮಾಡು, ಸಂಜೆಯ ಬಿ1 ತರಗತಿಯನ್ನು ಮಾತ್ರ ಬಿಡಬೇಡ. ಪ್ರೊಬೇಷನ್ ಮುಗಿಯುವವರೆಗೆ ದೊಡ್ಡ ಮನೆಯ ಮಾತೆತ್ತಬೇಡ. ಮನೆ ಮಾಲೀಕರು ಕೊನೆಯ ಮೂರು ತಿಂಗಳ ಸಂಬಳದ ಚೀಟಿಯ ಜೊತೆಗೆ ಪ್ರೊಬೇಷನ್ ಮುಗಿದಿದೆಯೇ ಎಂದೂ ಕೇಳುತ್ತಾರೆ.