ಕರಗುವ ದಾರ, ಮತ್ತೆ ಇಳಿಯುವ ಕೆನ್ನೆ: ಐದು ವರ್ಷದ ಅನುಭವ

ಥ್ರೆಡ್ ಲಿಫ್ಟ್, ಅಂದರೆ ಚರ್ಮದಡಿಗೆ ಕರಗುವ ದಾರ ತೂರಿಸಿ ಜೋತುಬಿದ್ದ ಮುಖವನ್ನು ಎತ್ತುವುದು, ಮಾಡಿಸಲು ಶುರು ಮಾಡಿ ಐದು ವರ್ಷವಾಯಿತು. ದವಡೆಯ ಅಂಚಿನಲ್ಲಿ ಜೋತುಬಿದ್ದ ಚರ್ಮವೇ ನನ್ನ ತಕರಾರು. ಅದಕ್ಕಾಗಿ ಮೂರು ಬಗೆಯ ದಾರ ಒಳಗೆ ಹೋಗಿವೆ.

ಮೊದಲು ಪಿಡಿಒ, ಅಂದರೆ ಪಾಲಿಡಯಾಕ್ಸನೋನ್. ಆಪರೇಷನ್ ಹೊಲಿಗೆಗೆ ಬಹಳ ಹಿಂದಿನಿಂದ ಬಳಸುವ ದಾರವೇ ಇದು. ಆರರಿಂದ ಎಂಟು ತಿಂಗಳಲ್ಲಿ ಕರಗುತ್ತದೆ. ಒಂದು ಕ್ಲಿನಿಕ್‌ನಲ್ಲಿ ಕೆನ್ನೆಗೆ ಇಪ್ಪತ್ತು ದಾರ ಹಾಕಿದರು. ಇಪ್ಪತ್ತು ಅಂದರೆ ಜಾಸ್ತಿ, ಜಾಸ್ತಿ ಅಂದರೆ ಒಳ್ಳೆಯದು ಅಂದುಕೊಂಡೆ. ಅವೆಲ್ಲ ನಯವಾದ ಮೋನೋ ದಾರಗಳು. ಅವು ಚರ್ಮವನ್ನು ಸ್ವಲ್ಪ ಬಿಗಿ ಮಾಡಬಹುದು, ಮೇಲಕ್ಕೆ ಎತ್ತುವುದಿಲ್ಲ. ಎತ್ತಿ ಹಿಡಿಯುವುದು ಮುಳ್ಳುಗಳಿರುವ ಕಾಗ್ ದಾರ. ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇರೆ ಡಾಕ್ಟರ ಹತ್ತಿರ ಪಿಡಿಒ ಕಾಗ್ ಹಾಕಿಸಿದೆ. ಕೆನ್ನೆಗೆ ನಾಲ್ಕೇ ದಾರ. ಎದ್ದು ಕನ್ನಡಿ ನೋಡಿದರೆ ದವಡೆ ಗೆರೆ ಎಳೆದ ಹಾಗಿತ್ತು! ಆದರೆ ಆ ಮೊದಲ ದಿನದ ಮುಖವನ್ನು ನಂಬಬೇಡಿ, ಅದರಲ್ಲಿ ಬಾವಿನ ಪಾಲೂ ಇರುತ್ತದೆ. ಎರಡು ವಾರ ಅಂಗಾತ ಮಲಗಬೇಕು, ಬಾಯಿ ಅಗಲವಾಗಿ ತೆರೆಯುವ ಹಾಗಿಲ್ಲ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಕೊಟ್ಟು ಹಿಡಿದುಕೊಳ್ಳುತ್ತಿದ್ದೆ. ಹಲ್ಲಿನ ಕೆಲಸವಿದ್ದರೆ ಮೊದಲೇ ಮುಗಿಸಿಕೊಳ್ಳಿ. ನನಗೆ ಈ ಎತ್ತರ ಉಳಿದದ್ದು ಹತ್ತು ತಿಂಗಳು.

ಆಮೇಲೆ ಪಿಎಲ್‌ಎಲ್‌ಎ, ಅಂದರೆ ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್‌ನ ದಾರ. ದಾರದುದ್ದಕ್ಕೂ ಪುಟ್ಟ ಪುಟ್ಟ ಶಂಕುಗಳು, ಅವೇ ಚರ್ಮದಡಿಯ ಕೊಬ್ಬನ್ನು ಹಿಡಿದುಕೊಳ್ಳುತ್ತವೆ. ಕರಗಲು ಒಂದೂವರೆ ವರ್ಷದ ಆಸುಪಾಸು ಬೇಕು. ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್ ಕೊಲಾಜೆನ್, ಅದನ್ನು ಹುಟ್ಟಿಸುವುದರಲ್ಲಿ ಇದು ಮುಂದು ಅನ್ನುತ್ತಾರೆ. ನನ್ನ ಚರ್ಮ ತುಂಬಿಕೊಂಡಂತೆ ಕಂಡದ್ದು ನಿಜ, ಅದೂ ಮೂರ್ನಾಲ್ಕು ತಿಂಗಳು ಕಳೆದ ಮೇಲೆ. ಆದರೆ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ನಕ್ಕರೆ ಇನ್ನೂ ಆಳ. ಮೂರು ವಾರ ನಗು ತಡೆದುಕೊಂಡೇ ಓಡಾಡಿದೆ. ಕೊನೆಗೆ ಡಾಕ್ಟರೇ ತೀಡಿ ಬಿಡಿಸಿದರು.

ಕೊನೆಯದು ಪಿಸಿಎಲ್, ಅಂದರೆ ಪಾಲಿಕ್ಯಾಪ್ರೊಲ್ಯಾಕ್ಟೋನ್. ಇದು ಮೆತ್ತಗೆ ಬಾಗುತ್ತದೆ, ಮಾತಾಡುವಾಗ ಬಿಗಿದ ಹಾಗೆ ಅನ್ನಿಸುವುದಿಲ್ಲ. ಮೂರರಲ್ಲಿ ಹೆಚ್ಚು ಬಾಳುವುದೂ ಇದೇ, ಕರಗಲು ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ. ಅದಕ್ಕೇ ಮರುಳಾಗಿದ್ದೆ. ಹದಿನಾಲ್ಕನೇ ತಿಂಗಳಿಗೆ ದವಡೆ ಮತ್ತೆ ಸಡಿಲ. ದಾರ ಮಾತ್ರ ಒಳಗೇ ಇದೆ! ಹೇಗೆ ಗೊತ್ತು ಅಂದರೆ, ಅದರ ಒಂದು ತುದಿ ಕಣತಲೆಯ ಹತ್ತಿರ ಬೆರಳಿಗೆ ಸಿಗುತ್ತದೆ. ತಲೆ ಬಾಚುವಾಗೆಲ್ಲ ಚುರ್ ಅನ್ನುತ್ತದೆ. ಮುಳ್ಳಿನ ಹಿಡಿತ ಸಡಿಲವಾದ ಮೇಲೆ ದಾರ ಎಷ್ಟು ದಿನ ಇದ್ದು ಏನು ಬಂತು, ಅಲ್ವಾ? ಕ್ಲಿನಿಕ್‌ಗಳು ಹೇಳುವ 'ಎರಡು ವರ್ಷ' ದಾರದ ಆಯಸ್ಸು, ಕೆನ್ನೆಯದಲ್ಲ.

ಮೂರರಲ್ಲೂ ನೋವು ಒಂದೇ ತರ: ಮರಗಟ್ಟಿಸುವ ಇಂಜೆಕ್ಷನ್ನೇ ಜಾಸ್ತಿ ಚುಚ್ಚುತ್ತದೆ. ಕಪ್ಪು-ನೀಲಿ ಕಲೆ ಒಂದು ವಾರ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ. ಕೀವು, ಜ್ವರ ಕಂಡರೆ ಸುಮ್ನೆ ಕೂರಬೇಡಿ.

ಮತ್ತೆ ಮಾಡಿಸಿದರೆ ಪಿಡಿಒ ಕಾಗ್‌ಗೇ ಹೋಗುತ್ತೇನೆ. ಎಡವಟ್ಟಾದರೂ ಎಂಟು ತಿಂಗಳಲ್ಲಿ ದಾರ ಕರಗಿ ಹೋಗುತ್ತದೆ. ಸದ್ಯಕ್ಕೆ ಕಣತಲೆಯ ಆ ತುದಿ ಕರಗಲಿ ಅಂತ ಕಾಯುತ್ತಿದ್ದೇನೆ.