ನಟ್ ಮೊದಲ ಸಲ ಜಾರಿದಾಗಲೇ ಕೈ ನಿಲ್ಲಿಸಿ

ಪಿಕಪ್, ಲಾರಿ ಇಟ್ಟುಕೊಂಡು ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರು ದಯವಿಟ್ಟು ಓದಿ. ಪೀಣ್ಯದ ಕಡೆ ಒಂದು ಪಿಕಪ್‌ನ ಸೈಲೆನ್ಸರ್ ಗ್ಯಾಸ್ಕೆಟ್ ಬದಲಿಸಲು ಹೋಗಿ ಸ್ಟಡ್ಡೇ (ನಟ್ ಕೂರುವ ಥ್ರೆಡ್ ಕಡ್ಡಿ) ಮುರಿದು ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಕಳಿಸುವ ಭಾಗ) ಒಳಗೆ ಉಳಿದಿದೆ. ಈಗ ಮ್ಯಾನಿಫೋಲ್ಡ್ ಬಿಚ್ಚಬೇಕು, ಸ್ಟಡ್ಡಿಗೆ ಡ್ರಿಲ್ ಹಾಕಿಸಬೇಕು, ಥ್ರೆಡ್ ಹೊಡೆಸಬೇಕು.

ನಟ್ ಇದ್ದದ್ದು 17 ಎಂಎಂ. ಹಾಕಿದ್ದು ಇಂಚಿನ 11/16 ರಿಂಗ್ ಸ್ಪ್ಯಾನರ್, ಅಂದರೆ 17.46 ಎಂಎಂ. ಅರ್ಧ ಎಂಎಂ ಸಡಿಲ ಕೈಗೆ ಗೊತ್ತಾಗುವುದೇ ಇಲ್ಲ. ಆದರೆ ಹನ್ನೆರಡು ಮೂಲೆಯ ರಿಂಗ್ ನಟ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ, ಸೈಲೆನ್ಸರ್ ನಟ್ ಬಿಸಿಗೂ ಮಳೆನೀರಿಗೂ ತುಕ್ಕು ಹಿಡಿದು ಮೊದಲೇ ಸವೆದಿರುತ್ತದೆ. ಹಿಡಿಗೆ ಪೈಪ್ ಸಿಕ್ಕಿಸಿ ಎಳೆದಾಗ ಮೂಲೆಗಳು ಹೋದವು. ಆಮೇಲೆ ಸ್ಕ್ರೂ ಸ್ಪ್ಯಾನರ್ ಹಾಕಿ ಉಳಿದದ್ದನ್ನೂ ಉರುಟು ಮಾಡಿದರು. ಕೊನೆಗೆ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಕಚ್ಚಿಸಿ ಮತ್ತೆ ಪೈಪ್! ನಟ್ ಅಲುಗಲಿಲ್ಲ, ಸ್ಟಡ್ ತುಂಡಾಯಿತು.

ಮೊದಲ ಸಲ ಜಾರಿದಾಗಲೇ ನಿಲ್ಲಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ವೈರ್ ಬ್ರಷ್‌ನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ನಟ್ಟಿನ ಪಕ್ಕಗಳಿಗೆ ಹಗುರವಾಗಿ ತಟ್ಟಿ ರಾತ್ರಿಯಿಡೀ ಬಿಡಿ. ಅವಸರವೇ ಇಲ್ಲಿ ದೊಡ್ಡ ಶತ್ರು. ಬೆಳಿಗ್ಗೆ ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಕೆಳಗಿನವರೆಗೆ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಪದರ ಒಡೆಯುವುದು ಹಾಗೆ.

ಮೂಲೆಗಳು ಆಗಲೇ ಹೋಗಿದ್ದರೆ 16 ಎಂಎಂನ ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ (ಹೊಡೆತ ತಡೆಯುವ ಗಟ್ಟಿ ಸಾಕೆಟ್) ಹೊಡೆದು ಕೂರಿಸಿ. ಕ್ರೋಮ್ ಸಾಕೆಟ್ ಹೊಡೆದರೆ ಸೀಳಬಹುದು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಇನ್ನೂ ಒಳ್ಳೆಯದು. ಬೆಂಗಳೂರಿನ ಎಸ್‌ಜೆಪಿ ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ. ಅದಕ್ಕೂ ಬಗ್ಗದಿದ್ದರೆ ನಟ್ಟನ್ನೇ ಬಲಿ ಕೊಡಿ: ನಟ್ ಸ್ಪ್ಲಿಟರ್ (ನಟ್ ಸೀಳುವ ಸಾಧನ) ಹಾಕಿ, ಇಲ್ಲವೇ ಒಂದು ಪಕ್ಕವನ್ನು ಗರಗಸದಿಂದ ಸ್ಟಡ್ಡಿನ ಥ್ರೆಡ್ ಮುಟ್ಟುವ ಮುಂಚಿನವರೆಗೆ ಕೊಯ್ದು, ಉಳಿಯಿಂದ ಸೀಳಿ. ನಟ್ ಹೋದರೆ ಹೋಗಲಿ, ಸ್ಟಡ್ ಉಳಿಯಬೇಕು.

ಗ್ಯಾಸ್ ಟಾರ್ಚ್ ಕೆಲಸ ಮಾಡುತ್ತದೆ, ಏಕೆಂದರೆ ಬಿಸಿಗೆ ನಟ್ ಹಿಗ್ಗಿ ತುಕ್ಕಿನ ಹಿಡಿತ ಬಿಡುತ್ತದೆ. ಆದರೆ ಡೀಸೆಲ್ ಪೈಪ್, ಬ್ರೇಕ್ ಹೋಸ್, ವೈರಿಂಗ್ ಹತ್ತಿರವಿದ್ದರೆ ಬೆಂಕಿ ಬೇಡ. ಹಚ್ಚುವ ಮುಂಚೆ ಎಣ್ಣೆಯನ್ನೂ ಒರೆಸಿ. ಏರ್ ಬ್ರೇಕ್ ಲಾರಿಯ ಸ್ಪ್ರಿಂಗ್ ಬ್ರೇಕ್ ಚೇಂಬರಿನ (ಬಲವಾದ ಸ್ಪ್ರಿಂಗ್ ಒತ್ತಿ ಇಟ್ಟಿರುವ ಬ್ರೇಕ್ ಡಬ್ಬಿ) ಕ್ಲ್ಯಾಂಪ್ ನಟ್ ಉರುಟಾಗಿದ್ದರಂತೂ ಕೈ ಹಾಕಲೇಬೇಡಿ. ಒಳಗಿನ ಸ್ಪ್ರಿಂಗ್ ಸಿಡಿದರೆ ಪ್ರಾಣವೇ ಹೋಗುತ್ತದೆ.

ವಾಪಸ್ ಜೋಡಿಸುವಾಗ ಹೊಸ ನಟ್, ಸ್ಟಡ್ಡಿಗೆ ಬಿಸಿ ತಡೆಯುವ ಕಾಪರ್ ಗ್ರೀಸ್ ತೆಳ್ಳಗೆ. ಹಳೆಯ ನಟ್ ಅನ್ನು ಮತ್ತೆ ಹಾಕಬೇಡಿ.