ಆಟಿಸಂ ಇರುವ ಮಗುವಿನ ಆತಂಕವನ್ನು ಅಳೆಯುವ 24 ಹೇಳಿಕೆಗಳು: ಎಎಸ್‌ಸಿ-ಎಎಸ್‌ಡಿ ಪ್ರಶ್ನಾವಳಿ

ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಜಾಕಿ ರಾಡ್ಜರ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಎಎಸ್‌ಸಿ-ಎಎಸ್‌ಡಿ (ಆಂಗ್ಸೈಟಿ ಸ್ಕೇಲ್ ಫಾರ್ ಚಿಲ್ಡ್ರನ್ – ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್) ಎಂಬ ಈ ಪ್ರಶ್ನಾವಳಿಯನ್ನು ನಮ್ಮ 11 ವರ್ಷದ ಮಗನಿಗಾಗಿ ಒಂದು ವರ್ಷದಲ್ಲಿ ಮೂರು ಬಾರಿ ತುಂಬಿದ್ದೇವೆ. ಆಟಿಸಂ ಇರುವ 8ರಿಂದ 16 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಇದು ಉಚಿತವಾಗಿ ದೊರೆಯುತ್ತದೆ. ಮಗುವೇ ತುಂಬುವುದೊಂದು, ತಂದೆತಾಯಿ ತುಂಬುವುದೊಂದು ಎಂದು ಎರಡು ಪ್ರತಿಗಳಿವೆ. ಪ್ರತಿ ಹೇಳಿಕೆಗೂ 0ಯಿಂದ 3ರವರೆಗೆ ಅಂಕ.

ಇದಕ್ಕೂ ಮೊದಲು ನಾವು ಒತ್ತಡ ಅಳೆಯುವ ಕೈಪಟ್ಟಿಯೊಂದನ್ನು ಕೊಂಡಿದ್ದೆವು. ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಿ ಆಗುವ ಏರಿಳಿತವನ್ನೂ ನಾಡಿ ಬಡಿತವನ್ನೂ ಅದು ದಾಖಲಿಸುತ್ತಿತ್ತು. ಆದರೆ ಜೋಕಾಲಿಯಲ್ಲಿ ಕೇಕೆ ಹಾಕುವಾಗಲೂ ಹಲ್ಲಿನ ವೈದ್ಯರ ಬಾಗಿಲಲ್ಲಿ ನಡುಗುವಾಗಲೂ ಗೆರೆ ಒಂದೇ ರೀತಿ ಏರುತ್ತಿತ್ತು. ದೇಹ ಉದ್ರೇಕಗೊಂಡಿದೆ ಎಂದಷ್ಟೇ ಅದು ಹೇಳಬಲ್ಲದು; ಹೆದರಿಕೆಯೋ ಹಿಗ್ಗೋ ಎಂದು ಹೇಳಲಾರದು. ಮೇಲಾಗಿ ಪಟ್ಟಿಯ ಸ್ಪರ್ಶವನ್ನೇ ಸಹಿಸದ ಮಗುವಿನ ಒತ್ತಡವನ್ನು ಆ ಪಟ್ಟಿಯಿಂದಲೇ ಅಳೆಯುವುದು ನನಗೆ ಸರಿಯೆನಿಸಲಿಲ್ಲ.

ಪ್ರಶ್ನಾವಳಿಯ ನಿಜವಾದ ಹಿರಿಮೆ ಅನಿಶ್ಚಿತತೆಯ ಕುರಿತ ಭಾಗದಲ್ಲಿದೆ. ಇತರರೆದುರು ತಪ್ಪಾದೀತೆಂಬ ಅಂಜಿಕೆ, ಅಗಲಿಕೆಯ ಭಯ, ದೇಹದಲ್ಲಿ ಕಾಣುವ ಗಾಬರಿ ಇವೆಲ್ಲ ಸಾಮಾನ್ಯ ಮಾಪನಗಳಲ್ಲೂ ಇರುತ್ತವೆ. ಇಲ್ಲಿ ಮಾತ್ರ ಎಂಟು ಹೇಳಿಕೆಗಳು, ಅಂದರೆ ಮೂರನೆಯ ಒಂದು ಪಾಲು, ಮುಂದೇನಾಗುವುದೋ ತಿಳಿಯದಿದ್ದಾಗ ಮಗು ಪಡುವ ಸಂಕಟಕ್ಕೇ ಮೀಸಲು. ಶಾಲೆಯ ವ್ಯಾನು ಬೇರೆ ಬೀದಿಗೆ ತಿರುಗಿದರೆ ಕಿರುಚುತ್ತಿದ್ದುದನ್ನು, ಮದುವೆ ಮನೆಯ ಹೊಸ್ತಿಲಲ್ಲೇ ಕುಳಿತುಬಿಡುತ್ತಿದ್ದುದನ್ನು ನಾನು ಅಷ್ಟು ವರ್ಷ ಹಟವೆಂದು ಗದರಿಸಿದ್ದೆ. ಆ ಎಂಟು ಸಾಲುಗಳಿಗೆ ಗುರುತು ಹಾಕುತ್ತಿದ್ದಾಗ ಅದು ಹಟವಾಗಿರಲಿಲ್ಲವೆಂದು ಅರಿವಾಯಿತು. ಈಗ ಹೊರಡುವ ಮುನ್ನ ದಾರಿಯನ್ನು ಚಿತ್ರ ಬರೆದು ತೋರಿಸುತ್ತೇವೆ.

ಒಟ್ಟು ಅಂಕ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಣನೀಯ ಆತಂಕವಿರಬಹುದೆಂದೂ 24 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಸಾಧ್ಯತೆ ಇನ್ನೂ ಖಚಿತವೆಂದೂ ಭಾವಿಸಲಾಗುತ್ತದೆ. ಮೊದಲ ಬಾರಿ ನನ್ನ ಮೊತ್ತ 29, ಮಗನನ್ನು ಸಂಜೆ ಮಾತ್ರ ನೋಡುವ ನನ್ನ ಪತಿಯದು 19. ಆದ್ದರಿಂದ ಇಬ್ಬರೂ ಬೇರೆಬೇರೆಯಾಗಿ ತುಂಬಿ, ಅಂತರವಿರುವ ಸಾಲುಗಳನ್ನು ಥೆರಪಿಸ್ಟರ ಮುಂದಿಡುವುದು ಒಳ್ಳೆಯದು.

ಭಾಷೆಯ ತೊಡಕೂ ಇದೆ. ನಾವು ಬಳಸಿದ್ದು ಇಂಗ್ಲಿಷ್ ಪ್ರತಿ. ಹಗಲೆಲ್ಲ ಅವನ ಜೊತೆಗಿರುವ ಅತ್ತೆಯವರಿಗೆ ಕನ್ನಡದಲ್ಲಿ ಓದಿ ಹೇಳುವಾಗ ‘ಚಿಂತೆ’ ಎಂದೆ. “ಅವನಿಗೆಂಥ ಚಿಂತೆ? ದಿಗಿಲು ಬೀಳುತ್ತಾನೆ, ಅಷ್ಟೆ” ಎಂದರು. ಪದ ಬದಲಿಸಿದ್ದೇ ಉತ್ತರವೂ ‘ಎಂದೂ ಇಲ್ಲ’ದಿಂದ ‘ಆಗಾಗ’ಕ್ಕೆ ಬದಲಾಯಿತು. ಮನೆಯಲ್ಲೇ ಅನುವಾದಿಸಿಕೊಳ್ಳುವವರು ಅಂಕವನ್ನು ನೆಚ್ಚುವ ಮೊದಲು ಇದನ್ನು ಗಮನಿಸಬೇಕು.

ಮಕ್ಕಳ ಪ್ರತಿಯನ್ನು ತುಂಬಲು ಓದು ಬರಬೇಕು, ತನ್ನ ಭಾವವನ್ನು ಗುರುತಿಸಿ ಹೆಸರಿಸುವುದೂ ಬರಬೇಕು. ನಮ್ಮ ಮಗನಿಗೆ ಎರಡನೆಯದು ಇನ್ನೂ ಕಷ್ಟ. ಮಾತೇ ಇಲ್ಲದ ಮಗುವಿನ ವಿಷಯದಲ್ಲಿ ತಂದೆತಾಯಿಯ ಉತ್ತರ ಬಹುಮಟ್ಟಿಗೆ ಊಹೆಯೇ ಆಗುವುದರಿಂದ, ಅಂಥ ಮನೆಗಳಿಗೆ ಇದೊಂದನ್ನೇ ನಂಬಿರೆಂದು ನಾನು ಹೇಳಲಾರೆ. ನಿದ್ದೆ, ಊಟ, ಕಿವಿ ಮುಚ್ಚಿಕೊಳ್ಳುವ ಹೊತ್ತುಗಳನ್ನು ಎರಡು ವಾರ ದಿನಚರಿಯಲ್ಲಿ ಬರೆದಿಟ್ಟು, ಆ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.